ಮುನ್ನೂರ ಹನ್ನೆರಡನೇ ಪುಟ

ಓಲ್ಡಮ್ಮಿನ ಲೈಬ್ರರಿ, ಮಂಗಳವಾರ ಸಂಜೆ ಆರೂವರೆ.
ರೇಡಿಯೇಟರಿನ ಪಕ್ಕದ ಕುರ್ಚಿ ನನ್ನದೆಂದು
ಈಗ ಎಲ್ಲರಿಗೂ ಗೊತ್ತು.
ಎಪ್ಪತ್ತೊಂದರ ಮಂಡಿಗೆ ಅಷ್ಟು ಮರ್ಯಾದೆ ಉಂಟು.

ಈ ಚಳಿಗಾಲದ ಪಾಠ: ವಿಕ್ಟೋರಿಯಾ ಕಾಲದ
ಕಥೆ ಕವಿತೆಗಳಲ್ಲಿ ಮಕ್ಕಳ ಕಷ್ಟ.
ಚಿಮಣಿಯೊಳಗೆ ಹತ್ತುವವರು, ಬೆಂಕಿಪೊಟ್ಟಣಕ್ಕೆ ಅಂಟು ಹಚ್ಚುವವರು,
ಗಣಿಯ ಕತ್ತಲಲ್ಲಿ ಬಾಗಿಲು ಕಾಯುವವರು.
ಎಲ್ಲರ ಕೆನ್ನೆಯೂ ಬಿಳುಪು, ಎಲ್ಲರ ಮಾತೂ ಶುದ್ಧ,
ಪಾದ್ರಿಯ ಮನೆಯಲ್ಲಿ ಹುಟ್ಟಿದವರ ಹಾಗೆ.
ಯಾಕೆ ಹಾಗೆ, ಕೇಳುತ್ತಾಳೆ ಇಮೋಜನ್,
ನಮ್ಮ ಮೇಡಮ್ಮು, ನನ್ನ ಮೊಮ್ಮಗಳ ವಯಸ್ಸು.
"ಕೊಳೆಯಾದ ಮಗುವನ್ನು ಎತ್ತಿಕೊಂಡರೆ ಕೋಟು ಹಾಳಲ್ಲವೆ?"
ಅಂದ ಇಲ್ಯಾಸ್, ಮೂವತ್ತು ವರ್ಷ ಬಸ್ಸು ಓಡಿಸಿದವನು.
ಅವನಪ್ಪ ರಾತ್ರಿಪಾಳಿ ದುಡಿದ ಮಿಲ್ಲು
ನನ್ನಜ್ಜಿ ಬರಿಗಾಲಲ್ಲಿ ನಡೆದ ಮಿಲ್ಲೇ.

ಅಜ್ಜಿ ಹೆಪ್ಸಿಬಾ, ಅರ್ಧಹೊತ್ತಿನ ಹುಡುಗಿ:
ಬೆಳಗ್ಗೆ ಆರಕ್ಕೆ ಮಿಲ್ಲು, ಮಧ್ಯಾಹ್ನ ಶಾಲೆ.
ಹನ್ನೆರಡು ತುಂಬಿತ್ತು. ರಾಣಿ ಸತ್ತು ಆರು ವರ್ಷ;
ಆ ಸುದ್ದಿ ನಮ್ಮ ಗಲ್ಲಿಗೆ ಇನ್ನೂ ಮುಟ್ಟಿರಲಿಲ್ಲ.
ಓಡುವ ಯಂತ್ರದಡಿ ನುಸುಳಿ, ಕಡಿದ ನೂಲು ಹುಡುಕಿ
ಬೆರಳ ನಡುವೆ ಹೊಸೆದು ಕೂಡಿಸಬೇಕು.
ಎಡಗೈಯ ಕಿರುಬೆರಳು ಅಲ್ಲೇ ಎಲ್ಲೋ ಉಳಿಯಿತು.
ಕೇಳಿದರೆ ನಗುತ್ತಿದ್ದಳು:
"ಅದರಿಂದ ಯಾವ ಕೆಲಸ ಆಗುತ್ತಿತ್ತು ಹೇಳು?
ದೊಡ್ಡಮನುಷ್ಯರ ಥರ ಟೀ ಕುಡಿಯುವಾಗ
ಸೊಟ್ಟಗೆ ನಿಲ್ಲಲಿಕ್ಕೆ, ಅಷ್ಟೆ."
ಎಣ್ಣೆ ಕುಡಿದ ಹಲಗೆ ಅಂಗಾಲಿಗೆ ಹಿತ ಎಂದಳು,
ಮನೆಗಿಂತ ಮಿಲ್ಲೇ ಬೆಚ್ಚಗಿತ್ತು ಎಂದಳು.
ಇದನ್ನು ಯಾವ ಕವಿತೆಯಲ್ಲೂ ನಾನು ಕಾಣಲಿಲ್ಲ.
ಬರೆದಿದ್ದರೆ ಮಿಲ್ಲಿನ ಧಣಿ ಕಟ್ಟು ಹಾಕಿಸಿ ತೂಗುಹಾಕುತ್ತಿದ್ದ.

ಅವಳಿಗಿದ್ದ ಸಿಟ್ಟು ಒಂದೇ.
ಶುಕ್ರವಾರ ಮಧ್ಯಾಹ್ನ ಮಿಸ್ ಎಂಟ್‌ವಿಸಲ್ ಕಥೆ ಓದುತ್ತಿದ್ದರು,
ಇಟ್ಟಿಗೆಗೂಡಿನಲ್ಲಿ ಮಣ್ಣು ಹೊರುವ ನೆಡ್ ಎಂಬ ಹುಡುಗನದು.
ಕಿಟಕಿಗಳು ಮಕ್ಕಳ ತಲೆಗಿಂತ ಮೇಲೆ,
ಹೊರಗೆ ನೋಡದಿರಲೆಂದೇ ಕಟ್ಟಿದವು.
ನೆಡ್ ಬಿದ್ದ, ಎದ್ದ, ಹೊಡೆಸಿಕೊಂಡ, ಓಡಿಹೋದ,
ಅಷ್ಟರಲ್ಲಿ ಇವಳ ರೆಪ್ಪೆ ಕೂಡುತ್ತಿತ್ತು.
ಐದಕ್ಕೆ ಎದ್ದ ದೇಹಕ್ಕೆ
ಯಾರ ದನಿಯಾದರೂ ತೊಟ್ಟಿಲೇ.
ಕೊನೆಯ ಶುಕ್ರವಾರ, ಕೊನೆಯ ಅಧ್ಯಾಯ,
ತೊಡೆ ಚಿವುಟಿಕೊಂಡು ಕೂತಳಂತೆ. ಆದರೂ ನಿದ್ದೆ.
ಎಚ್ಚರಾದಾಗ ಹುಡುಗಿಯರೆಲ್ಲ ಮೂಗು ಒರೆಸುತ್ತಿದ್ದರು.
ಏನಾಯಿತೆಂದು ಕೇಳಲು ಅಭಿಮಾನ ಬಿಡಲಿಲ್ಲ.

ಹಾಗಾಗಿ ತಾನೇ ಕಟ್ಟಿದಳು.
ನನಗೆ ಹೇಳಿದ ಕಥೆಯಲ್ಲಿ ನೆಡ್ ಬಂದರು ಮುಟ್ಟಿ
ಅಡುಗೆಯವಳೊಬ್ಬಳ ಬಳಿ ಹಿಟ್ಟು ನಾದಲು ಕಲಿತು
ಮೂವತ್ತಕ್ಕೆ ಸ್ವಂತ ಪೈ ಅಂಗಡಿ ತೆರೆದ.
ಬಾಗಿಲಿಗೆ ಹಸಿರು ಬಣ್ಣ, ಮೇಲೆ ಅವನ ಹೆಸರು.
ದಪ್ಪಗಾದ. ಶ್ರೀಮಂತರಿಗೆ ಬರುವಂಥ ಕಾಲುನೋವು ಬಂತು.
ಮತ್ತೆ ಹುಡುಗಿಯರು ಅತ್ತದ್ದು?
"ಸಂತೋಷಕ್ಕೆ. ಇನ್ಯಾಕೆ?"
ಅರವತ್ತು ವರ್ಷ ಆ ಒಲೆ
ನನ್ನೊಳಗೆ ಆರದೆ ಇತ್ತು.

ಕಳೆದ ವಾರ ಇಮೋಜನ್ ಹಂಚಿದ ಪುಸ್ತಕದಲ್ಲಿ ನೆಡ್ ಸಿಕ್ಕ.
ಬಸ್ಸಿನಲ್ಲಿ ಓದುತ್ತ ನನ್ನ ಸ್ಟಾಪು ದಾಟಿಹೋಯಿತು.
ಮುನ್ನೂರ ಹನ್ನೆರಡನೇ ಪುಟ:
ಹಿಮ, ಇಗರ್ಜಿಯ ಗಂಟೆ, ನೆಡ್‌ಗೆ ಜ್ವರ.
ಅಲ್ಲಿಯವರೆಗೆ ಹತ್ತು ಮಾತಾಡದ ಹುಡುಗ
ದೇವದೂತರ ಬಗ್ಗೆ ಒಂದೂವರೆ ಪುಟ ಮಾತಾಡಿ
ಸತ್ತುಹೋಗುತ್ತಾನೆ. ಒಂಬತ್ತು ವರ್ಷ.
ಒಬ್ಬ ಸಾಹುಕಾರ ಕಣ್ಣೊರೆಸಿಕೊಂಡು ಗಾಡಿ ಹತ್ತುತ್ತಾನೆ.

ನಿದ್ದೆ ಹೋದದ್ದು ಒಳ್ಳೆಯದಾಯಿತು, ಮುದುಕಿ.

"ಈ ಸಾವು ಓದುಗನಿಂದ ಏನನ್ನು ಬೇಡುತ್ತದೆ?
ಸಾವಿರ ಪದಗಳಲ್ಲಿ ಬರೆಯಿರಿ."
ನನ್ನ ಹತ್ತಿರ ಅಷ್ಟು ಪದವಿಲ್ಲ.
ಲೈಬ್ರರಿಯ ಪುಸ್ತಕ, ಗೀಚಬಾರದು, ಗೊತ್ತು.
ಪೆನ್ಸಿಲ್ ಚೂಪು ಮಾಡಿ ಕೊನೆಯ ಸಾಲಿನ ಕೆಳಗೆ
ಸಣ್ಣಕ್ಷರದಲ್ಲಿ ಬರೆದೆ:
ಹಸಿರು ಬಾಗಿಲು. ಬೆಳಗ್ಗೆ ಏಳಕ್ಕೆ ತೆರೆಯುತ್ತದೆ.
ಸೋಮವಾರ ರಜೆ.